ಕಿವಿಯ ಗುಗ್ಗೆ ಮತ್ತು ಶ್ರವಣರಕ್ಷಣೆ

ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಂ ಗ್ರಾಮದಲ್ಲಿ, ನಿಮಿಷಾಂಬಾ ದೇವಾಲಯದ ಮುಂದಿನ ಮೆಟ್ಟಿಲುಗಳನ್ನಿಳಿದು ಕಾವೇರಿಯಲ್ಲಿ ಮಿಂದೇಳುವವರು ಅನೇಕರು. ಅವರಲ್ಲಿ ಒಬ್ಬಿಬ್ಬರು ದಡಕ್ಕೆ ಬಂದೊಡನೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ, ಅಂಗೈಯಿಂದ ಕಿವಿಯನ್ನು ತಟ್ಟಿಕೊಳ್ಳುವುದುಂಟು. ಕಿವಿಗೆ ನೀರು ಹೊಕ್ಕಿತು, ಕಿವಿ ಕಟ್ಟಿತು ಎಂಬುದು ಅವರ ದೂರು. ಹೊಕ್ಕ ನೀರು ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಹೊರಬರುತ್ತದೆ. ಆದರೆ ಕೆಲವರ ಕಿವಿ ಮರುದಿನವಾದರೂ ತೆರೆಯುವುದಿಲ್ಲ. ಇದಕ್ಕೆ ಕಾರಣ ನದಿಯ ನೀರಲ್ಲ. ಮೊದಲೇ ಕಿವಿಯೊಳಗೆ ಕೂಡಿಕೊಂಡಿದ್ದ ಗುಗ್ಗೆ. ಗುಗ್ಗೆಯು ಕಿವಿಯ ನಾಳವನ್ನು ಬಹುಪಾಲು ತುಂಬಿದ್ದರೂ ಸೂಜಿಮೊನೆಯಷ್ಟು ಸಂದಿ ಉಳಿದಿದ್ದರೆ ಶಬ್ದವು ಒಳಗೆ ಸಾಗುತ್ತದೆ. ನೀರು ತಾಗಿ ಗುಗ್ಗೆ ಉಬ್ಬಿದಾಗ ಆ ಸಂದಿಯೂ ಮುಚ್ಚಿ, ನಿನ್ನೆ ಚೆನ್ನಾಗಿ ಕೇಳುತ್ತಿದ್ದವನು ಇಂದು ಕಿವುಡನಂತಾಗುತ್ತಾನೆ. ಆಗ ಕೈಗೆ ಸಿಕ್ಕ ಕಡ್ಡಿಯನ್ನು ಕಿವಿಗೆ ತೂರಿಸುವುದರಿಂದಲೇ ನಿಜವಾದ ಅಪಾಯ ಆರಂಭವಾಗುತ್ತದೆ.

ಗುಗ್ಗೆ ಎಂದರೇನು?

ಗುಗ್ಗೆಯು ಕೊಳೆಯೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅದು ದೇಹವು ಕಿವಿಗಾಗಿಯೇ ಸಿದ್ಧಪಡಿಸುವ ರಕ್ಷಾಲೇಪ. ವಯಸ್ಕರಲ್ಲಿ ಹೊರಕಿವಿಯಿಂದ ತಮಟೆಯವರೆಗಿನ ನಾಳವು ಸುಮಾರು 2.5 ಸೆಂಟಿಮೀಟರು ಉದ್ದವಿರುತ್ತದೆ. ಅದರ ಹೊರಗಿನ ಮೂರನೆಯ ಒಂದು ಭಾಗ ಮೃದ್ವಸ್ಥಿಯದು. ಒಳಗಿನ ಎರಡು ಭಾಗ ಮೂಳೆಯದು. ಹೊರಭಾಗದ ಚರ್ಮದಲ್ಲಿರುವ ಗ್ರಂಥಿಗಳ ಸ್ರಾವವೂ ಉದುರಿದ ಚರ್ಮದ ಕಣಗಳೂ ಸೇರಿ ಗುಗ್ಗೆಯಾಗುತ್ತದೆ. ಅದು ಧೂಳನ್ನು ಹಿಡಿದಿಡುತ್ತದೆ. ನೀರು ಚರ್ಮಕ್ಕೆ ಇಳಿಯದಂತೆ ತಡೆಯುತ್ತದೆ. ಸ್ವಲ್ಪ ಆಮ್ಲಗುಣವುಳ್ಳದ್ದಾದ್ದರಿಂದ ಸೂಕ್ಷ್ಮಾಣುಗಳ ಮತ್ತು ಬೂಷ್ಟಿನ ಬೆಳವಣಿಗೆಯನ್ನು ಕುಂದಿಸುತ್ತದೆ.

ಇನ್ನೂ ಸೋಜಿಗವಾದುದು ಕಿವಿ ತನ್ನನ್ನು ತಾನೇ ಗುಡಿಸಿಕೊಳ್ಳುವ ಬಗೆ. ನಾಳದ ಚರ್ಮವು ತಮಟೆಯ ಕಡೆಯಿಂದ ಹೊರಬಾಗಿಲ ಕಡೆಗೆ, ಉಗುರು ಬೆಳೆಯುವಷ್ಟು ನಿಧಾನವಾಗಿ, ಸದಾ ಸರಿಯುತ್ತಿರುತ್ತದೆ. ಮಾತನಾಡುವಾಗಲೂ ಅಗಿಯುವಾಗಲೂ ದವಡೆಯ ಚಲನೆ ಅದಕ್ಕೆ ನೆರವಾಗುತ್ತದೆ. ಹೀಗೆ ಹಳೆಯ ಗುಗ್ಗೆ ಒಣಗಿ ತಾನಾಗಿ ಹೊರಬೀಳುತ್ತದೆ. ಗುಗ್ಗೆಯಲ್ಲಿ ಜಿಗುಟಾದುದು, ಒಣದಾದುದು ಎಂಬ ಎರಡು ಬಗೆಗಳುಂಟು. ಈ ಭೇದವು ಒಂದು ವಂಶವಾಹಿಯಿಂದ ನಿರ್ಧಾರವಾಗುತ್ತದೆಂದು 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಆದ್ದರಿಂದ ಗುಗ್ಗೆ ಹೆಚ್ಚೆಂದೋ ಬಣ್ಣ ಕಪ್ಪೆಂದೋ ಯಾರನ್ನೂ ಅಶುಚಿಯೆಂದು ಹೀನೈಸುವುದು ಸರಿಯಲ್ಲ.

ಕಡ್ಡಿಯಿಂದಾಗುವ ಕೇಡು

ಬೆಂಕಿಕಡ್ಡಿ, ಪೊರಕೆಕಡ್ಡಿ, ಪಿನ್ನು, ಕೋಳಿಪುಕ್ಕ, ಬೀಗದ ಕೈ, ಲೇಖನಿಯ ರೀಫಿಲ್ಲು—ಕಿವಿಗೆ ಬಳಕೆಯಾಗದ ವಸ್ತುವೇ ಇಲ್ಲವೆನ್ನಬಹುದು. ಹತ್ತಿ ಸುತ್ತಿದ ಕಡ್ಡಿಯು ಇವೆಲ್ಲಕ್ಕಿಂತ ನಿರಪಾಯವೆಂಬ ನಂಬಿಕೆಯೂ ಪೊಳ್ಳು. 1923ರಲ್ಲಿ ಅಮೆರಿಕದಲ್ಲಿ ಲಿಯೋ ಗೆರ್ಸ್ಟೆನ್‌ಜಾಂಗ್ ಎಂಬವರು ಶಿಶುಗಳ ಆರೈಕೆಗೆಂದು ಇದನ್ನು ಮಾರಾಟಕ್ಕೆ ತಂದರು. ಇಂದು ಅನೇಕ ಪೊಟ್ಟಣಗಳ ಮೇಲೆಯೇ ‘ಕಿವಿಯ ನಾಳದೊಳಕ್ಕೆ ತೂರಿಸಬೇಡಿ’ ಎಂಬ ಎಚ್ಚರಿಕೆ ಮುದ್ರಿತವಾಗಿರುತ್ತದೆ. ಗುಗ್ಗೆ ಹುಟ್ಟುವುದು ನಾಳದ ಹೊರಭಾಗದಲ್ಲಿ. ಕಡ್ಡಿಯು ತುದಿಗಂಟಿದ ಸ್ವಲ್ಪವನ್ನು ಹೊರತಂದು ಉಳಿದುದನ್ನೆಲ್ಲ ಒಳಭಾಗಕ್ಕೆ ದೂಡಿ ಗಟ್ಟಿ ಮಾಡುತ್ತದೆ. ಬಂದೂಕಿಗೆ ಮದ್ದು ಜಡಿದಂತೆ ಪ್ರತಿದಿನವೂ ಜಡಿದ ಮೇಲೆ ಕಿವಿ ಕಟ್ಟದೆ ಇದ್ದೀತೆ? ಒಳಭಾಗದ ಚರ್ಮ ಬಹು ತೆಳುವಾದುದು. ಗೀರು ಬಿದ್ದರೆ ನಂಜಾಗುತ್ತದೆ. ತಮಟೆಯ ದಪ್ಪ ಸುಮಾರು 0.1 ಮಿಲಿಮೀಟರು ಮಾತ್ರ. ಕಡ್ಡಿ ಹಿಡಿದವರ ಮೊಣಕೈಗೆ ಓಡುವ ಮಗುವೊಂದು ತಾಗಿದರೆ ಸಾಕು, ತಮಟೆ ಹರಿಯುತ್ತದೆ. ಮೊಣಕೈಗಿಂತ ಸಣ್ಣದಾದ ಯಾವುದನ್ನೂ ಕಿವಿಗೆ ಹಾಕಕೂಡದೆಂದು ಪಾಶ್ಚಾತ್ಯ ವೈದ್ಯರು ವಿನೋದವಾಗಿ ಹೇಳುವ ಮಾತಿನ ತಾತ್ಪರ್ಯ ಇದೇ.

ಪ್ರಾಚೀನರ ವಿವೇಕ

ಸುಶ್ರುತಸಂಹಿತೆಯ ಉತ್ತರತಂತ್ರವು 28 ಕರ್ಣರೋಗಗಳನ್ನು ಎಣಿಸುತ್ತದೆ. ಗುಗ್ಗೆ ಕಟ್ಟುವುದನ್ನು ಅಲ್ಲಿ ಕರ್ಣಗೂಥವೆಂದು ಹೆಸರಿಸಿದೆ. ಅದರ ಚಿಕಿತ್ಸೆಯ ಕ್ರಮ ಗಮನಾರ್ಹ: ಮೊದಲು ತೈಲದಿಂದ ನೆನೆಸಿ, ಬೆವರಿಸಿ, ಗುಗ್ಗೆಯನ್ನು ಮೆತ್ತಗಾಗಿಸಬೇಕು, ಅನಂತರ ವೈದ್ಯನು ಶಲಾಕೆಯಿಂದ ಜಾಗರೂಕತೆಯಿಂದ ತೆಗೆಯಬೇಕು. ಮೆದುಗೊಳಿಸದೆ ಕೆದಕಕೂಡದು, ಕೆದಕುವವನು ಬಲ್ಲವನಾಗಿರಬೇಕು ಎಂಬ ಈ ಎರಡು ನಿಯಮಗಳು ಇಂದಿನ ವೈದ್ಯಶಾಸ್ತ್ರಕ್ಕೂ ಸಮ್ಮತವೇ.

ಸುರಕ್ಷಿತ ಕ್ರಮ

ಕಿವಿ ಚೆನ್ನಾಗಿ ಕೇಳುತ್ತ, ನೋವು ತುರಿಕೆಗಳಿಲ್ಲದಿದ್ದರೆ ಗುಗ್ಗೆಯನ್ನು ತೆಗೆಯುವ ಅಗತ್ಯವೇ ಇಲ್ಲ. ಸ್ನಾನವಾದ ಮೇಲೆ ಒದ್ದೆಬಟ್ಟೆಯನ್ನು ಬೆರಳಿಗೆ ಸುತ್ತಿ ಹೊರಕಿವಿಯನ್ನೂ ಅದರ ಮಡಿಕೆಗಳನ್ನೂ ಒರೆಸಿಕೊಂಡರೆ ಸಾಕು.

ಗುಗ್ಗೆ ಗಟ್ಟಿಯಾಗಿ ಕಿವಿ ಕಟ್ಟಿದಂತಿದ್ದರೆ ಶುದ್ಧವಾದ ಕೊಬ್ಬರಿ ಎಣ್ಣೆಯನ್ನೋ ಆಲಿವ್ ಎಣ್ಣೆಯನ್ನೋ ಮೈಯಷ್ಟೇ ಬೆಚ್ಚಗೆ ಮಾಡಿ, ಪಕ್ಕಕ್ಕೆ ಮಲಗಿ, ಎರಡು ಮೂರು ಹನಿ ಬಿಟ್ಟು, ಐದು ನಿಮಿಷ ಹಾಗೆಯೇ ಇರಬೇಕು. ಮೂರರಿಂದ ಐದು ದಿನ ಬೆಳಗ್ಗೆ ಸಂಜೆ ಹೀಗೆ ಮಾಡಿದರೆ ಬಹುಮಂದಿಗೆ ಗುಗ್ಗೆ ಮೆತ್ತಗಾಗುತ್ತದೆ. ಮೊದಲಿಗೆ ಕಿವಿ ಇನ್ನಷ್ಟು ಕಟ್ಟಿದಂತೆ ತೋರಬಹುದು, ಗಾಬರಿಗೆ ಕಾರಣವಿಲ್ಲ. ಆದರೆ ಕಿವಿ ಸೋರುತ್ತಿರುವವರು, ನೋವುಳ್ಳವರು, ತಮಟೆಯಲ್ಲಿ ರಂಧ್ರವಿರುವವರು, ಕಿವಿಯ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಏನನ್ನೂ ಹಾಕಕೂಡದು. ಕುದಿಸಿದ ಬೆಳ್ಳುಳ್ಳಿ ಎಣ್ಣೆಯಿಂದ ಕಿವಿ ಸುಟ್ಟುಕೊಳ್ಳುವ ಸಂಭವವುಂಟು. ಕಿವಿಗೆ ಮೇಣದ ಬತ್ತಿ ಹಚ್ಚಿ ಗುಗ್ಗೆಯನ್ನು ಹೀರುವುದೆಂಬ ಜಾಹೀರಾತು ಕೇವಲ ಭ್ರಮೆ.

ಇಷ್ಟರಿಂದ ವಾಸಿಯಾಗದಿದ್ದರೆ ವೈದ್ಯರು ಬೆಳಕಿನ ಉಪಕರಣದಿಂದ ನೋಡಿ, ಹೀರುಗೊಳವೆಯಿಂದಲೋ ಸಲಕರಣೆಯಿಂದಲೋ ಪಿಚಕಾರಿಯ ನೀರಿನಿಂದಲೋ ಗುಗ್ಗೆಯನ್ನು ತೆಗೆಯುತ್ತಾರೆ. ಆ ನೀರು ಮೈಯ ಶಾಖದಷ್ಟೇ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಿದ್ದರೂ ಬಿಸಿಯಾಗಿದ್ದರೂ ರೋಗಿಗೆ ತಲೆ ಸುತ್ತುತ್ತದೆ. ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ವೈದ್ಯರು ಕಿವಿ ತೊಳೆಯುವಾಗ ಕಂಡ ಈ ತಲೆಸುತ್ತಿನ ಕಾರಣವನ್ನೇ ಶೋಧಿಸಿ, ಒಳಕಿವಿಯು ದೇಹದ ಸಮತೋಲನವನ್ನು ಕಾಯುವ ಬಗೆಯನ್ನು ವಿವರಿಸಿ, 1914ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಮಧುಮೇಹಿಗಳ ಕಿವಿಗೆ ನಂಜೇರಿದರೆ ಅದು ಮೂಳೆಯವರೆಗೂ ಹಬ್ಬಬಹುದಾದ್ದರಿಂದ ಅವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಗದ್ದೆ, ಕಬ್ಬಿನ ತೋಟಗಳ ಈ ಸೀಮೆಯಲ್ಲಿ ಹುಳು ಕಿವಿ ಹೊಗುವುದು ಅಪರೂಪವಲ್ಲ. ಜೀವಂತ ಹುಳುವಾದರೆ, ತಮಟೆ ಸರಿಯಿರುವವರಿಗೆ, ಎಣ್ಣೆ ಹನಿಸಿ ಅದನ್ನು ನಿಶ್ಚಲಗೊಳಿಸಿ ವೈದ್ಯರ ಬಳಿ ಹೋಗಬೇಕು. ಮಕ್ಕಳು ಹುರುಳಿ, ಕಡಲೆಯಂಥ ಕಾಳನ್ನು ಹಾಕಿಕೊಂಡಿದ್ದರೆ ನೀರು ಬಿಡಲೇಬಾರದು. ಕಾಳು ಉಬ್ಬಿ ಬಿಗಿದುಕೊಳ್ಳುತ್ತದೆ. ಗಡಿಯಾರದ ಬಿಲ್ಲೆ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಒಳಗೆ ಸುಡುತ್ತದೆ. ಏನನ್ನೂ ಹನಿಸದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಉಪಾಧ್ಯಾಯರ ಗಮನಕ್ಕೆ

ಈ ವಿಷಯದಲ್ಲಿ ಶಾಲೆಯ ಹೊಣೆ ದೊಡ್ಡದು. ಕಿವಿ ಕಟ್ಟಿದ ಬಾಲಕನಿಗೆ ತನಗೆ ಕಡಮೆ ಕೇಳುತ್ತಿದೆಯೆಂಬುದೇ ತಿಳಿದಿರುವುದಿಲ್ಲ. ಅವನು ಕರೆದರೆ ತಿರುಗುವುದಿಲ್ಲ. ಉಕ್ತಲೇಖನದಲ್ಲಿ ಒಂದು ಪದಕ್ಕೆ ಮತ್ತೊಂದನ್ನು ಬರೆಯುತ್ತಾನೆ. ಪಕ್ಕದವನ ಪುಸ್ತಕವನ್ನು ಇಣುಕುತ್ತಾನೆ. ಒಂದೇ ಕಿವಿಯನ್ನು ಮುಂದೊಡ್ಡಿ ಕೇಳುತ್ತಾನೆ. ಇಂಥವನಿಗೆ ದಡ್ಡ, ಉದ್ಧಟ ಎಂಬ ಹೆಸರು ಬೇಗ ಅಂಟುತ್ತದೆ. ಒಮ್ಮೆ ಅಂಟಿದ ಹೆಸರನ್ನು ತೆಗೆಯುವುದು ಗುಗ್ಗೆಯನ್ನು ತೆಗೆಯುವಷ್ಟು ಸುಲಭವಲ್ಲ. ದಂಡಿಸುವುದಕ್ಕೆ ಮೊದಲು ಅವನ ಕಿವಿಯನ್ನು ಪರೀಕ್ಷಿಸಿದೆಯೇ ಎಂದು ಕೇಳಿಕೊಳ್ಳುವುದು ಗುರುವಿನ ಧರ್ಮ. ಕಪಾಳಕ್ಕೆ ಬಿದ್ದ ಏಟಿನಿಂದಲೂ ತಮಟೆ ಹರಿಯುವುದುಂಟು ಎಂಬುದನ್ನು ಮರೆಯಲಾಗದು.

ಕಿವುಡೆಲ್ಲವೂ ಗುಗ್ಗೆಯಿಂದಲ್ಲ ಎಂಬುದೂ ಅಷ್ಟೇ ಮುಖ್ಯ. ಕಿವಿ ಸೋರುವುದಕ್ಕೆ ಬೇರೆಯದೇ ಚಿಕಿತ್ಸೆ ಬೇಕು. ಒಂದು ಕಿವಿ ನೋವಿಲ್ಲದೆ ಹಠಾತ್ತನೆ ಕೇಳದಾದರೆ, ಗುಗ್ಗೆಯಿರಬಹುದೆಂದು ವಾರಗಟ್ಟಲೆ ಎಣ್ಣೆ ಹಾಕಿಕೊಂಡು ಕುಳಿತಿರಬಾರದು. ನರದ ದೋಷವಾಗಿದ್ದರೆ ಮೊದಲ ಕೆಲವು ದಿನಗಳ ಚಿಕಿತ್ಸೆಯಿಂದಲೇ ಫಲ ಹೆಚ್ಚು.

ಇದಕ್ಕೆ ದೂರ ಹೋಗಬೇಕಾದುದೂ ಇಲ್ಲ. ಶ್ರೀರಂಗಪಟ್ಟಣದಿಂದ ಸುಮಾರು 15 ಕಿಲೋಮೀಟರು ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಕೇಂದ್ರ ಸರ್ಕಾರವು ಕಿವುಡುತನ ನಿವಾರಣೆಗಾಗಿ 2007ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಪ್ರತಿವರ್ಷ ಮಾರ್ಚ್ 3ರಂದು ವಿಶ್ವ ಶ್ರವಣ ದಿನವನ್ನು ಆಚರಿಸಲಾಗುತ್ತದೆ. ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಆ ದಿನದ ಸುಮಾರಿಗೆ ವೈದ್ಯರಿಂದ ಮಕ್ಕಳ ಕಿವಿಗಳನ್ನು ಪರೀಕ್ಷಿಸುವ ಏರ್ಪಾಡಾದರೆ, ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅದಕ್ಕೆ ನೆರವಾದರೆ, ಅಲ್ಪ ವೆಚ್ಚದಲ್ಲಿ ಮಹದುಪಕಾರವಾಗುತ್ತದೆ. ವಿದ್ಯೆಯು ಮೊದಲು ಪ್ರವೇಶಿಸುವುದು ಕಿವಿಯ ಬಾಗಿಲಿನಿಂದ. ಆ ಬಾಗಿಲು ಮುಚ್ಚಿರುವ ಮಗುವಿಗೆ ಎಷ್ಟು ಬೋಧಿಸಿದರೂ ವ್ಯರ್ಥ. ಬಾಗಿಲನ್ನು ತೆರೆಸಿ ಬೋಧಿಸಿದರೆ ಅದೇ ಮಗು ತರಗತಿಯ ಮುಂದಿನ ಸಾಲಿಗೆ ಬಂದೀತು.