ಬಸುರಿಯ ಒಡಲನ್ನು ಕಾಣುವ ಧ್ವನಿ

ನೆಗಮಂ, ಸಿರುಮುಗೈ ಕಡೆಯ ನಮ್ಮ ನೇಕಾರರ ಮನೆಗಳಲ್ಲಿ ಆಡುವುದು ಕನ್ನಡ. ಆಸ್ಪತ್ರೆಯಲ್ಲಿ ಕೇಳುವುದು ತಮಿಳು. ಕೈಗೆ ಬರುವ ಸ್ಕ್ಯಾನ್ ವರದಿಯೋ ಇಂಗ್ಲಿಷಿನದು. ಈ ಮೂರರ ನಡುವೆ ಬಸುರಿ ಹೆಣ್ಣುಮಗಳು ತನ್ನ ಒಡಲಿನ ಸಂಗತಿಯನ್ನು ತಾನೇ ಅರಿಯದೆ ಮನೆಗೆ ಮರಳುವುದುಂಟು. ಅತ್ತೆಯವರು ಏನೆಂದರೆಂದು ಕೇಳಿದರೆ, ‘ಎಲ್ಲಾ ಚೆನ್ನಾಗಿದೆಯಂತೆ’ ಎಂಬುದೊಂದೇ ಉತ್ತರ. ಆ ಕಾಗದವನ್ನು ಓದಿ ಹೇಳಿರೆಂದು ಶಾಲೆಯ ಬಾಗಿಲಿಗೆ ಬರುವವರೂ ಇದ್ದಾರೆ. ನಾನು ವೈದ್ಯನಲ್ಲ, ಆದರೂ ಆ ಯಂತ್ರ ಮಾಡುವ ಕೆಲಸವೇನು ಎಂಬುದನ್ನು ಪಾಠದಂತೆ ವಿವರಿಸಬಲ್ಲೆ.

ಸ್ಕ್ಯಾನಿನ ಕಿರಣ ಮಗುವಿಗೆ ಕೆಡುಕೆಂದು ಹೇಳುವ ಹಿರಿಯರನ್ನು ನಗೆಯಾಡಲಾಗದು. ಆ ಅಂಜಿಕೆಗೆ ಒಂದು ಮೂಲವಿದೆ. ಹಿಂದೆ ಬಸುರಿಯರಿಗೆ ಎಕ್ಸ್‌ರೇ ತೆಗೆಯುತ್ತಿದ್ದರು. ಅದರಿಂದ ಮಕ್ಕಳಿಗೆ ಮುಂದೆ ಕ್ಯಾನ್ಸರ್ ತಗಲುವ ಸಂಭವ ಹೆಚ್ಚುವುದೆಂದು 1956ರಲ್ಲಿ ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೀವರ್ಟ್ ಎಚ್ಚರಿಸಿದರು. ಆದರೆ ಹೊಟ್ಟೆಗೆ ಲೋಳೆಯಂಥ ದ್ರವ ಸವರಿ ನೋಡುವ ಸ್ಕ್ಯಾನಿನಲ್ಲಿ ಅಂಥ ಕಿರಣವೇ ಇಲ್ಲ. ಅಲ್ಲಿರುವುದು ಶಬ್ದ, ನಮ್ಮ ಕಿವಿಗೆ ಎಟುಕದ ಶಬ್ದ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚಿನ ಕಂಪನಗಳನ್ನು ಮನುಷ್ಯನ ಕಿವಿ ಕೇಳಲಾರದು; ಈ ಯಂತ್ರವು ಲಕ್ಷಗಟ್ಟಲೆ ಕಂಪನಗಳನ್ನು ಕಳುಹಿಸುತ್ತದೆ. ಬಾವಿಯೊಳಗೆ ಕೂಗಿದರೆ ದನಿ ಮರಳುವಂತೆ, ಎಲುಬು, ಮಾಂಸ, ನೀರು ಇವುಗಳ ಅಂಚಿಗೆ ತಾಗಿ ಅದು ಹಿಂದಿರುಗುತ್ತದೆ. ಮರಳಿದ ಹೊತ್ತನ್ನು ಎಣಿಸಿ ಯಂತ್ರ ಚಿತ್ರ ಬರೆಯುತ್ತದೆ. ನಡುವೆ ಗಾಳಿ ನಿಂತರೆ ಶಬ್ದ ಒಳಗೆ ಹೋಗಲಾರದು. ಲೋಳೆಯನ್ನು ಸವರುವುದು ಅದಕ್ಕಾಗಿಯೇ.

ಎರಕದ ಕಾರ್ಖಾನೆಗಳ ಊರಾದ ಕೊಯಮತ್ತೂರಿನವರಿಗೆ ಇದರ ಹುಟ್ಟು ಸ್ವಾರಸ್ಯವಾಗಿ ತೋರೀತು. ಲೋಹದೊಳಗಿನ ಬಿರುಕನ್ನು ಒಡೆಯದೆಯೇ ಕಂಡುಹಿಡಿಯಲು ಶಬ್ದವನ್ನು ಬಳಸುವ ಕ್ರಮ ಕಾರ್ಖಾನೆಗಳಲ್ಲಿ ಮೊದಲೇ ಇದ್ದಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ 1955ರಲ್ಲಿ, ಶಸ್ತ್ರಕ್ರಿಯೆಯಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ನೀರುಗಡ್ಡೆಗಳನ್ನೂ ಮೋಟಾರಿನಲ್ಲಿ ಹೇರಿಕೊಂಡು, ಬಾಯ್ಲರ್ ತಯಾರಿಸುವ ಒಂದು ಕಾರ್ಖಾನೆಗೆ ಹೋಗಿ ಆ ಯಂತ್ರದಲ್ಲಿ ಪರೀಕ್ಷಿಸಿದರು. ಗಟ್ಟಿ ಗಡ್ಡೆಗೂ ನೀರು ತುಂಬಿದ ಗಡ್ಡೆಗೂ ಪ್ರತಿಧ್ವನಿ ಬೇರೆ ಬೇರೆಯಾಗಿ ಕಂಡಿತು. ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕಾರ್ ಇವರೊಡನೆ ಅವರು 1958ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಾಸಿಯಾಗದ ಕ್ಯಾನ್ಸರೆಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿದ್ದುದು ಅಂಡಾಶಯದ ದೊಡ್ಡ ನೀರುಗಡ್ಡೆ ಮಾತ್ರವೆಂದು ಈ ಯಂತ್ರ ತೋರಿಸಿತು. ಗಡ್ಡೆಯನ್ನು ತೆಗೆದರು, ಆಕೆ ಬದುಕಿದಳು.

ಈ ಕಾರಣದಿಂದಲೇ ಸ್ಕ್ಯಾನ್ ಬಸುರಿಯರಿಗಷ್ಟೇ ಎಂದು ಭಾವಿಸಬಾರದು. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವುದನ್ನು ‘ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ನುಂಗಿಕೊಂಡು ಮಗ್ಗದ ಮುಂದೆಯೋ ಬನಿಯನ್ ಕಾರ್ಖಾನೆಯಲ್ಲೋ ದುಡಿಯುವ ಸೋದರಿಯರು ಎಷ್ಟೋ ಮಂದಿ. ಅಂಥವರೂ ಪರೀಕ್ಷೆ ಮಾಡಿಸಬೇಕು. ಗಡ್ಡೆಯೆಂದೊಡನೆ ಕ್ಯಾನ್ಸರೆಂದು ಎದೆಯೊಡೆದುಕೊಳ್ಳಬೇಕಿಲ್ಲ. ಗರ್ಭಕೋಶದ ನಾರುಗಡ್ಡೆಗಳಲ್ಲಿ ಬಹುಪಾಲು ನಿರಪಾಯಕಾರಿ.

ಇನ್ನು ಬಸುರಿಯ ವಿಚಾರ. ‘ಯುಗಾದಿ ಕಳೆದು ಎಂಟು ದಿನಕ್ಕೆ ಮುಟ್ಟಾಗಿದ್ದೆ’ ಎಂದು ಹಬ್ಬದಿಂದ ಎಣಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಡೆಯ ಮುಟ್ಟಿನಿಂದ 280 ದಿನಗಳೆಂಬ ಲೆಕ್ಕಕ್ಕೆ ಆ ದಿನ ಸರಿಯಾಗಿ ನೆನಪಿರಬೇಕು. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಮಾಡಿದರೆ ಮಗುವಿನ ಅಳತೆಯಿಂದಲೇ ಹೆರಿಗೆಯ ದಿನವನ್ನು ಸುಮಾರು ಒಂದು ವಾರದ ಅಂತರದಲ್ಲಿ ಹೇಳಬಹುದು. ಗರ್ಭವು ಕೋಶದೊಳಗೆ ನಿಲ್ಲದೆ ನಳಿಕೆಯಲ್ಲಿ ನಿಂತಿದ್ದರೆ ಅದೂ ತಿಳಿದೀತು. ತಿಳಿಯದೆ ಹೋದರೆ ನಳಿಕೆಯೊಡೆದು ತಾಯಿಯ ಪ್ರಾಣಕ್ಕೇ ಸಂಚಕಾರ. ಮಗುವಿನ ಅಂಗಾಂಗಗಳನ್ನು ನೋಡುವುದು 18ರಿಂದ 20 ವಾರಗಳ ಸುಮಾರಿಗೆ. ಸೀಮಂತ ಮುಗಿಯಲಿ, ಆಮೇಲೆ ನೋಡೋಣವೆಂದು ಇದನ್ನು ಮುಂದೂಡುವುದು ತರವಲ್ಲ.

ಆ ವರದಿಯಲ್ಲಿ ‘ಮಾಸು ಕೆಳಗಿದೆ’ ಎಂದು ಬರೆದಿದ್ದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ಗರ್ಭಕೋಶ ಬೆಳೆದಂತೆ ಬಹುಮಂದಿಯಲ್ಲಿ ಮಾಸು ಬಾಯಿಯಿಂದ ದೂರ ಸರಿಯುತ್ತದೆ. 32 ವಾರಗಳ ಸುಮಾರಿಗೆ ಮತ್ತೆ ನೋಡಿಸಬೇಕು. ಸರಿಯದೆ ಬಾಯಿಗೇ ಅಡ್ಡವಾಗಿ ಉಳಿದರೆ ಶಸ್ತ್ರಕ್ರಿಯೆಯ ಹೆರಿಗೆಯೇ ಗತಿ. ನೋವಿಲ್ಲದೆ ರಕ್ತ ಕಾಣಿಸಿಕೊಂಡರೆ ನಡುರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಸ್ಕ್ಯಾನಿಗೆ ಎಲ್ಲವೂ ಕಾಣುವುದಿಲ್ಲವೆಂಬುದೂ ನಿಜ. ಆದರೂ ಅಗತ್ಯವಿಲ್ಲದೆ, ಮಗುವಿನ ಮುಖದ ಚಿತ್ರದ ಆಸೆಗಾಗಿ ಪದೇ ಪದೇ ಮಾಡಿಸುವುದು ನನಗೇನೋ ಒಪ್ಪಿಗೆಯಿಲ್ಲ.

ಒಂದು ಪ್ರಶ್ನೆಯನ್ನಂತೂ ಅಲ್ಲಿ ಕೇಳಲೇಬಾರದು: ಗಂಡೋ ಹೆಣ್ಣೋ ಎಂಬುದು. 1994ರಲ್ಲಿ ಅಂಗೀಕಾರವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದ, 2003ರಲ್ಲಿ ಇನ್ನಷ್ಟು ಬಿಗಿಯಾದ ಕಾನೂನು ಇದನ್ನು ನಿಷೇಧಿಸಿದೆ. ಹೇಳಿದ ವೈದ್ಯರಿಗೂ ಹೇಳಿಸಿಕೊಳ್ಳಲು ಹೋದ ಮನೆಯವರಿಗೂ ಮೂರು ವರ್ಷದವರೆಗೆ ಸೆರೆ. ಬಸುರಿಯನ್ನು ಗಂಡನೋ ಬಂಧುಗಳೋ ಬಲವಂತಪಡಿಸಿದರೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ನಮ್ಮ ಮನೆಗಳನ್ನು ಬಲ್ಲವರೇ ಆ ಮಾತನ್ನು ಬರೆದಿರಬೇಕು!

ಖರ್ಚಿಗೆ ಅಂಜುವವರು ಸರ್ಕಾರಿ ಆಸ್ಪತ್ರೆಗೆ ಹೋಗಬಹುದು. ಬಸುರಿಯರ ಉಚಿತ ತಪಾಸಣೆಗೆಂದು 2016ರಲ್ಲಿ ಆರಂಭವಾದ ಕೇಂದ್ರದ ಯೋಜನೆಗೆ ಪ್ರತಿ ತಿಂಗಳ 9ನೆಯ ತಾರೀಖು ಗೊತ್ತಾಗಿದೆ. ಕೊಯಮತ್ತೂರಿನಲ್ಲಿ 1966ರಿಂದ ವೈದ್ಯಕೀಯ ಕಾಲೇಜಿದೆ. ತಿರುಪ್ಪೂರಿಗೂ 2022ರಲ್ಲಿ ಬಂದಿತು. ಹೋಗುವಾಗ ಹಿಂದಿನ ವರದಿಗಳೆಲ್ಲ ಜೊತೆಗಿರಲಿ. ಕೆಲವು ಕಡೆ ಚಿತ್ರವನ್ನು ಬಿಸಿಗೆ ಬಣ್ಣ ಬದಲಿಸುವ ನುಣುಪು ಕಾಗದದಲ್ಲಿ ಕೊಡುತ್ತಾರೆ. ಬಿಸಿಲಿಗೋ ಒಲೆಯ ಪಕ್ಕದ ಗೂಡಿಗೋ ಬಿದ್ದರೆ ಅದು ಕೆಟ್ಟುಹೋಗುತ್ತದೆ. ಕೊಟ್ಟ ದಿನವೇ ಒಂದು ನಕಲು ಮಾಡಿಸಿ ಸೀರೆಯ ಪೆಟ್ಟಿಗೆಯಲ್ಲಿಡಿ.