ತಣ್ಣೀರ ಕೊಳದ ಮೊದಲ ಎರಡು ನಿಮಿಷ

ಡಿಸೆಂಬರ್ ತಿಂಗಳ ಬೆಳಗಿನ ಜಾವ ಬೆಂಗಳೂರಿನ ಉಷ್ಣಾಂಶ 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಮೈಗೊಂದು ಸ್ವೆಟರ್, ಕಿವಿಗೊಂದು ಮಫ್ಲರ್ ಇದ್ದರೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಬರಲು ಯಾರಿಗೂ ತೊಂದರೆಯಿಲ್ಲ. ಸ್ವೆಟರ್ ಮರೆತು ಬಂದವರೂ ನಾಲ್ಕು ಹೆಜ್ಜೆ ಬಿರುಸಾಗಿ ಹಾಕಿ ಸುಧಾರಿಸಿಕೊಳ್ಳುತ್ತಾರೆ. ಅದೇ 15 ಡಿಗ್ರಿಯ ನೀರಿಗೆ ಕುತ್ತಿಗೆವರೆಗೆ ಇಳಿದರೆ ಕಥೆಯೇ ಬೇರೆ. ಬಾಯಿ ತಾನಾಗಿ ತೆರೆದು ದೊಡ್ಡದೊಂದು ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಉಸಿರಾಟ ನಮ್ಮ ಮಾತು ಕೇಳುವುದಿಲ್ಲ. ಏದುಸಿರು ಹತ್ತುತ್ತದೆ, ಎದೆ ಬಡಿತ ಕಿವಿಗೇ ಕೇಳುತ್ತದೆ.

ಥರ್ಮಾಮೀಟರಿನ ಲೆಕ್ಕಕ್ಕೆ ಎರಡೂ ಒಂದೇ. ಚರ್ಮಕ್ಕೆ ಒಂದೇ ಅಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಸಮಗಾತ್ರದ ಗಾಳಿಯನ್ನೂ ನೀರನ್ನೂ ಒಂದೊಂದು ಡಿಗ್ರಿ ಬಿಸಿ ಮಾಡಲು ಹೊರಟರೆ ನೀರಿಗೆ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಶಾಖ ಬೇಕು. ಮೈಗೆ ಅಂಟಿಕೊಂಡ ಗಾಳಿಯ ತೆಳುಪದರ ಬೇಗ ಬೆಚ್ಚಗಾಗಿ ಅದೇ ಒಂದು ಹೊದಿಕೆಯಾಗುತ್ತದೆ. ನೀರಿನ ಪದರ ಅಷ್ಟು ಸುಲಭಕ್ಕೆ ಬೆಚ್ಚಗಾಗದು. ಬೆಚ್ಚಗಾದಷ್ಟನ್ನೂ ಕೈಕಾಲಿನ ಒಂದು ಬೀಸು ಕೊಚ್ಚಿಕೊಂಡು ಹೋಗುತ್ತದೆ. ಸುಮ್ಮನೆ ನಿಂತ ದೇಹ ನೀರಿನಲ್ಲಿ ಶಾಖ ಕಳೆದುಕೊಳ್ಳದೆ ಇರಬೇಕಾದರೆ ಆ ನೀರು 33ರಿಂದ 35 ಡಿಗ್ರಿ ಇರಬೇಕು. ಈಜು ಸ್ಪರ್ಧೆಯ ಕೊಳಗಳನ್ನು 25ರಿಂದ 28 ಡಿಗ್ರಿಯಲ್ಲಿ ಇಡುತ್ತಾರೆ. ಈಜುವ ಸ್ನಾಯುಗಳು ಹುಟ್ಟಿಸುವ ಬಿಸಿ ಆ ಕೊರತೆಯನ್ನು ತುಂಬುತ್ತದೆ. ಅದಕ್ಕಿಂತ ಕೆಳಗೆ ಇಳಿಯುತ್ತ ಹೋದಂತೆ ಈ ಲೆಕ್ಕ ಸರಿಹೊಂದುವುದಿಲ್ಲ.

ಸರಿಹೊಂದದ ನೀರಿಗೇ ಬೇಕೆಂದು ಇಳಿಯುವವರಿದ್ದಾರೆ. ಉತ್ತರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಎಂಬ ವಿಶಾಲ ಬಯಲಿನ ಅಂಚಿನಲ್ಲಿ ಪಾರ್ಲಿಮೆಂಟ್ ಹಿಲ್ ಲಿಡೊ ಎಂಬ ಈಜುಕೊಳವಿದೆ. ಮೇಲೆ ಚಾವಣಿಯಿಲ್ಲದ ಇಂಥ ಸಾರ್ವಜನಿಕ ಕೊಳಗಳಿಗೆಲ್ಲ ಅಲ್ಲಿ ಲಿಡೊ ಎಂದೇ ಹೆಸರು. 1930ರ ದಶಕದಲ್ಲಿ ಬ್ರಿಟನ್ನಿನ ಊರೂರುಗಳಲ್ಲಿ ಇವು ಎದ್ದವು. ಇಕ್ಕಟ್ಟಿನ ಮನೆಗಳಲ್ಲಿ ಬದುಕುವ ಜನಕ್ಕೆ ಬಿಸಿಲು, ಗಾಳಿ, ನೀರು ಸಿಗಲೆಂಬುದು ಆಗಿನ ಆಡಳಿತಗಳ ಉತ್ಸಾಹ. ಆಮೇಲಿನ ದಶಕಗಳಲ್ಲಿ ಹಲವು ಮುಚ್ಚಿಹೋದವು. ಪಾರ್ಲಿಮೆಂಟ್ ಹಿಲ್‌ನದು 1938ರಲ್ಲಿ ತೆರೆದದ್ದು, ಉಳಿದುಕೊಂಡಿದೆ. ಸುಮಾರು 60 ಮೀಟರ್ ಉದ್ದ, 27 ಮೀಟರ್ ಅಗಲ. 2005ರಲ್ಲಿ ಇದರ ಒಳಮೈಗೆ ಸ್ಟೇನ್‌ಲೆಸ್ ಸ್ಟೀಲ್ ಹೊದಿಸಿದರು. ಬಿಸಿಲು ಬಿದ್ದಾಗ ನೀಲಿ ಟೈಲ್ಸಿನ ಕೊಳಗಳಲ್ಲಿ ಕಾಣದ ಒಂದು ಬೆಳ್ಳಿಯ ಹೊಳಪು ತಳದಿಂದಲೇ ಮೇಲೇಳುತ್ತದೆ. ನೀರು ಕಾಯಿಸುವ ವ್ಯವಸ್ಥೆಯಿಲ್ಲ, ಆದರೂ ವರ್ಷವಿಡೀ ಬಾಗಿಲು ತೆರೆದಿರುತ್ತದೆ. ಬೇಸಿಗೆಯಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿರುವ ನೀರು ಗಟ್ಟಿ ಚಳಿಗಾಲದಲ್ಲಿ 5ಕ್ಕಿಂತ ಕೆಳಗಿಳಿಯುತ್ತದೆ. ನಗರದ ದಕ್ಷಿಣದಲ್ಲಿ ಇದಕ್ಕೂ ಹಳೆಯ, 1906ರ ಟೂಟಿಂಗ್ ಬೆಕ್ ಲಿಡೊ ಇದೆ. ಸುಮಾರು 90 ಮೀಟರ್ ಉದ್ದದ ಆ ಕೊಳದಲ್ಲಿ ತಣ್ಣೀರು ಈಜಿನ ಚಾಂಪಿಯನ್‌ಶಿಪ್ಪೇ ನಡೆಯುತ್ತದೆ.

ತಣ್ಣೀರಿನಲ್ಲಿ ಸಾವೆಂದರೆ ಮೈ ಮೆಲ್ಲಗೆ ತಣ್ಣಗಾಗಿ ಜ್ಞಾನ ತಪ್ಪುವುದು, ಅಂದರೆ ಹೈಪೋಥರ್ಮಿಯಾ ಎಂದು ಬಹುಕಾಲ ತಿಳಿಯಲಾಗಿತ್ತು. ಆದರೆ ವಯಸ್ಕರೊಬ್ಬರ ಒಡಲು ಆ ಮಟ್ಟಕ್ಕೆ ತಣ್ಣಗಾಗಲು ಹಿಮದಂಥ ನೀರಿನಲ್ಲೂ ಅರ್ಧ ಗಂಟೆಯಾದರೂ ಬೇಕು. ಹಾಗಿದ್ದರೆ ಚೆನ್ನಾಗಿ ಈಜು ಬಲ್ಲವರು ದಡದಿಂದ ನಾಲ್ಕು ಮಾರು ದೂರದಲ್ಲಿ, ಬಿದ್ದ ಒಂದೆರಡು ನಿಮಿಷದಲ್ಲೇ ಮುಳುಗುವುದು ಏಕೆ? ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ದಶಕಗಳ ಕಾಲ ಸ್ವಯಂಸೇವಕರನ್ನು ತಣ್ಣೀರ ತೊಟ್ಟಿಗೆ ಇಳಿಸಿ ಹುಡುಕಿದ್ದು ಇದರ ಉತ್ತರವನ್ನೇ. ಚರ್ಮದಲ್ಲಿರುವ ಚಳಿಯ ಗ್ರಾಹಕಗಳು ಉಷ್ಣಾಂಶ ಎಷ್ಟು ಇಳಿಯಿತು ಎಂಬುದಷ್ಟನ್ನೇ ಅಲ್ಲ, ಎಷ್ಟು ಬೇಗ ಇಳಿಯಿತು ಎಂಬುದನ್ನೂ ಮಿದುಳಿಗೆ ತಲುಪಿಸುತ್ತವೆ. ಮೈಯೆಲ್ಲ ಒಟ್ಟಿಗೆ ನೆನೆದಾಗ ಹೊರಡುವ ಆ ಸುದ್ದಿಯ ಭರಾಟೆಗೆ ಮೊದಲು ಬರುವುದು ಅನೈಚ್ಛಿಕ ಏದುಸಿರು. ದಡದಲ್ಲಿ ಒಂದು ನಿಮಿಷ ಉಸಿರು ಬಿಗಿಹಿಡಿಯಬಲ್ಲವರು ಈ ಹೊತ್ತಿನಲ್ಲಿ ಹತ್ತು ಸೆಕೆಂಡು ಹಿಡಿದರೆ ಹೆಚ್ಚು. ಅದೇ ವೇಳೆಗೆ ತಲೆ ನೀರಿನೊಳಗಿದ್ದರೆ ಎಳೆದುಕೊಂಡದ್ದು ಗಾಳಿಯಲ್ಲ, ನೀರು. ಇದಕ್ಕೆ ಕೋಲ್ಡ್ ಶಾಕ್ ಎಂದು ಹೆಸರು. ಸುಮಾರು ಅರ್ಧ ನಿಮಿಷದಲ್ಲಿ ಅದು ತುತ್ತತುದಿ ಮುಟ್ಟುತ್ತದೆ, ಎರಡು ಮೂರು ನಿಮಿಷಗಳಲ್ಲಿ ಇಳಿದುಹೋಗುತ್ತದೆ.

10ರಿಂದ 15 ಡಿಗ್ರಿಯ ನೀರಿನಲ್ಲೇ ಇದು ಹೆಚ್ಚುಕಡಿಮೆ ತನ್ನ ಗರಿಷ್ಠ ಮಟ್ಟ ತಲುಪಿಬಿಡುತ್ತದೆ. ಎಂದರೆ ಅಪಾಯಕ್ಕೆ ಮಂಜುಗಡ್ಡೆ ತೇಲುವ ಕೊಳವೇ ಬೇಕಿಲ್ಲ. ಗಾಳಿಗಿಂತ ನೀರು ನಿಧಾನವಾಗಿ ಬಿಸಿಯಾಗುವುದರಿಂದ, ಇಂಗ್ಲೆಂಡಿನಲ್ಲಿ ಬಿಸಿಲು ಕಾಯ್ದ ಮೇ ತಿಂಗಳ ಒಂದು ಮಧ್ಯಾಹ್ನ, ಜನ ಅಂಗಿ ಕಳಚಿ ನೀರಿಗೆ ಹಾರಬೇಕೆನಿಸುವ ಹೊತ್ತಿನಲ್ಲಿ, ಕೆರೆ ಸಮುದ್ರಗಳ ನೀರು ಸರಿಯಾಗಿ ಈ ಮಟ್ಟದಲ್ಲೇ ಇರುತ್ತದೆ. ಅಲ್ಲಿನ ಲೈಫ್‌ಬೋಟ್ ಸಂಸ್ಥೆಯಾದ ಆರ್‌ಎನ್‌ಎಲ್‌ಐ ಅಪ್ಪಿತಪ್ಪಿ ನೀರಿಗೆ ಬಿದ್ದವರಿಗೆ ಕೊಡುವ ಸಲಹೆ ಸರಳ: ಈಜಲು ಹೋಗಬೇಡಿ, ಅಂಗಾತ ತೇಲುತ್ತ ಉಸಿರು ಹತೋಟಿಗೆ ಬರುವವರೆಗೆ ಕಾಯಿರಿ.

ಲಿಡೊದ ಹಳಬರು ಇದನ್ನು ಯಾರಿಂದಲೂ ಕಲಿತವರಲ್ಲ, ಆದರೂ ಮಾಡುವುದು ಅದನ್ನೇ. ಯಾರೂ ಹಾರುವುದಿಲ್ಲ. ಏಣಿ ಹಿಡಿದು ಮೆಲ್ಲಗೆ ಇಳಿಯುತ್ತಾರೆ, ತಲೆಯ ಉಣ್ಣೆಯ ಟೋಪಿ ತಲೆಯಲ್ಲೇ ಇರುತ್ತದೆ, ಉಸಿರನ್ನು ಉದ್ದಕ್ಕೆ ಹೊರಗೆ ಬಿಡುತ್ತಾರೆ. ಮುಖ ಮುಳುಗಿಸದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಮುಖಕ್ಕೆ ತಣ್ಣೀರು ತಾಗಿ ಉಸಿರು ಕಟ್ಟಿದಾಗ ಎದೆ ಬಡಿತ ನಿಧಾನವಾಗುತ್ತದೆ. ಸೀಲ್‌ನಂಥ ಮುಳುಗುಪ್ರಾಣಿಗಳಲ್ಲಿ ಬಲವಾಗಿರುವ ಈ ಪ್ರತಿಕ್ರಿಯೆ ನಮ್ಮಲ್ಲೂ ಒಂದಿಷ್ಟು ಉಳಿದಿದೆ. ಮೈಗೆ ತಾಗಿದ ತಣ್ಣೀರು ಮಾತ್ರ ಬಡಿತವನ್ನು ಏರಿಸುತ್ತದೆ. ಒಂದೇ ಹೃದಯಕ್ಕೆ ಎರಡು ಕಡೆಯಿಂದ ಎರಡು ಅಪ್ಪಣೆ! ಟಿಪ್ಟನ್ ಮತ್ತು ಮೈಕೆಲ್ ಶಾಟಕ್ 2012ರಲ್ಲಿ ಈ ಜಗ್ಗಾಟವನ್ನು ವಿವರಿಸಿ, ಅದರಿಂದ ಬಡಿತದ ಲಯ ತಪ್ಪಬಹುದೆಂದು ಬರೆದರು. ಗಟ್ಟಿ ಹೃದಯದವರಲ್ಲಿ ಅದು ಗಮನಕ್ಕೂ ಬಾರದೆ ಹಾದುಹೋಗುತ್ತದೆ. ಹೃದಯದಲ್ಲಿ ಮೊದಲೇ ದೋಷವಿದ್ದವರಿಗೆ, ಆ ದೋಷ ತಮಗೇ ಗೊತ್ತಿಲ್ಲದವರಿಗೂ, ಅದು ಪ್ರಾಣಕ್ಕೆ ಕುತ್ತಾಗಬಹುದು.

ಈ ಆಘಾತಕ್ಕೆ ದೇಹ ಎಷ್ಟು ಬೇಗ ಒಗ್ಗಿಕೊಳ್ಳುತ್ತದೆ ಎಂಬುದು ನನ್ನ ಮಟ್ಟಿಗೆ ಈ ವಿಜ್ಞಾನದ ಅತ್ಯಂತ ಸೊಗಸಾದ ಭಾಗ. ಕೆಲವೇ ನಿಮಿಷಗಳ ಐದಾರು ಮುಳುಗು ಸಾಕು, ಏದುಸಿರಿನ ಅಬ್ಬರ ಅರ್ಧದಷ್ಟು ತಗ್ಗುತ್ತದೆ. ಚರ್ಮ ಜಡವಾಯಿತೇ, ಅಥವಾ ಮಿದುಳು ಕಲಿಯಿತೇ? ಟಿಪ್ಟನ್ ತಂಡ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ವಯಂಸೇವಕರ ಮೈಯ ಎಡಭಾಗಕ್ಕಷ್ಟೇ ಆರು ಸಲ ತಣ್ಣೀರ ಅಭ್ಯಾಸ ಮಾಡಿಸಿದರು. ಬಳಿಕ, ಅಭ್ಯಾಸವೇ ಇಲ್ಲದ ಬಲಭಾಗಕ್ಕೆ ನೀರು ಸೋಕಿಸಿ ನೋಡಿದರೆ ಅಲ್ಲೂ ಪ್ರತಿಕ್ರಿಯೆ ತಗ್ಗಿತ್ತು. ಬಲಗಡೆಯ ಚರ್ಮ ಏನನ್ನೂ ಕಲಿತಿರಲಿಲ್ಲ. ಪಾಠ ಕಲಿತದ್ದು ಒಳಗಿನ ನರವ್ಯವಸ್ಥೆ. ಒಮ್ಮೆ ಕಲಿತದ್ದು ತಿಂಗಳುಗಟ್ಟಲೆ, ಸ್ವಲ್ಪಮಟ್ಟಿಗೆ ವರ್ಷದಾಚೆಗೂ ಉಳಿಯುತ್ತದೆ ಎಂದು ಮುಂದಿನ ಅಧ್ಯಯನ ತೋರಿಸಿತು. ಇನ್ನೂ ವಿಚಿತ್ರವಾದದ್ದು ಲೂಯಿಸ್ ಪ್ಯೂ ಎಂಬ ಈಜುಗಾರನ ದೇಹ. 2007ರಲ್ಲಿ ಉತ್ತರ ಧ್ರುವದ ಬಳಿ, ಉಪ್ಪುನೀರಾದ್ದರಿಂದ ಹೆಪ್ಪುಗಟ್ಟದೆ ಉಳಿದ ಮೈನಸ್ 1.7 ಡಿಗ್ರಿಯ ಕಡಲಲ್ಲಿ, ಬರೀ ಈಜುಡುಗೆಯಲ್ಲಿ ಅವರು ಒಂದು ಕಿಲೋಮೀಟರನ್ನು 18 ನಿಮಿಷ 50 ಸೆಕೆಂಡುಗಳಲ್ಲಿ ಈಜಿದರು. ತಣ್ಣೀರಿಗೆ ಇಳಿಯುವ ಮೊದಲೇ, ಇಳಿಯಲಿದ್ದೇನೆ ಎಂಬ ಅರಿವಿಗೇ, ಅವರ ಒಡಲಿನ ಉಷ್ಣಾಂಶ 38 ಡಿಗ್ರಿ ದಾಟುವುದನ್ನು ದಕ್ಷಿಣ ಆಫ್ರಿಕಾದ ಕ್ರೀಡಾವಿಜ್ಞಾನಿ ಟಿಮ್ ನೋಕ್ಸ್ ದಾಖಲಿಸಿದ್ದರು.

ಆದರೆ ಒಗ್ಗಿಕೊಳ್ಳುವುದರಲ್ಲಿ ಒಂದು ಮೋಸವಿದೆ. ಉಸಿರು ಪಳಗುತ್ತದೆ, ಶಾಖದ ನಷ್ಟ ಪಳಗುವುದಿಲ್ಲ. ಅನುಭವಿ ಚಳಿಗಾಲದ ಈಜುಗಾರರಲ್ಲಿ ನಡುಕ ತಡವಾಗಿ ಶುರುವಾಗುತ್ತದೆ. ಮೈ ಹಾಯಾಗಿದೆ ಎಂದುಕೊಳ್ಳುತ್ತಿರುವಾಗಲೇ ಒಡಲು ತಣ್ಣಗಾಗುತ್ತಿರುತ್ತದೆ. ಹಾಗಾಗಿ ಈ ನೀರಿನಲ್ಲಿ ನಂಬಬೇಕಾದದ್ದು ಗಡಿಯಾರವನ್ನು, ಮನಸ್ಸನ್ನಲ್ಲ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹಿಮನೀರಿಗೆ ಬಿದ್ದವರಿಗಾಗಿ 1-10-1 ಎಂಬ ಸೂತ್ರ ಹೇಳಿದ್ದಾರೆ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಜ್ಞಾನ ತಪ್ಪುವುದಕ್ಕೆ ಒಂದು ಗಂಟೆ. ನಡುವಿನ ಹತ್ತನ್ನೇ ಜನ ಮರೆಯುವುದು. ಮುಂಗೈಯ ಸ್ನಾಯು, ನರಗಳು ತಣ್ಣಗಾದಂತೆ ಬೆರಳುಗಳು ಅಗಲವಾಗಿ ಸೆಟೆದುಕೊಳ್ಳುತ್ತವೆ, ಬೀಸು ಗಿಡ್ಡವಾಗುತ್ತದೆ, ಕಾಲು ಕೆಳಗೆ ಜಗ್ಗುತ್ತದೆ. ತಲೆ ಪೂರ್ತಿ ಎಚ್ಚರವಾಗಿರುವಾಗಲೇ ಈಜು ಕೈಕೊಡುತ್ತದೆ. ಡಿಗ್ರಿಗೊಂದು ನಿಮಿಷ, ಎಂದರೆ 6 ಡಿಗ್ರಿಯ ನೀರಿನಲ್ಲಿ ಆರು ನಿಮಿಷ, ಎಂಬ ಬಾಯಿಲೆಕ್ಕ ಈಜುಗಾರರಲ್ಲಿದೆ. ಅದಕ್ಕೆ ಪ್ರಯೋಗಶಾಲೆಯ ಮುದ್ರೆಯಿಲ್ಲ. ಮಿತಿ ಮೀರದಂತೆ ತಡೆಯುವ ಮಟ್ಟಿಗೆ ಒಳ್ಳೆಯದೇ.

ಇಷ್ಟು ಕಷ್ಟಪಟ್ಟು ಏನು ಸುಖ? ಮೊದಲ ಎರಡು ನಿಮಿಷ ದಾಟಿದ ಮೇಲೆ ಚಳಿಯ ಉರಿ ಬೇರೇನೋ ಆಗಿ ತಿರುಗುತ್ತದೆ: ಮೈಯ ಅಂಚೆಲ್ಲಿದೆ ಎಂಬುದು ಅಂಗುಲ ಅಂಗುಲವಾಗಿ ತಿಳಿಯುತ್ತದೆ, ತಲೆಯೊಳಗಿನ ವಟವಟ ನಿಲ್ಲುತ್ತದೆ. ಅದರ ಹಿಂದೆ ರಾಸಾಯನಿಕಗಳೂ ಇವೆ. 14 ಡಿಗ್ರಿ ನೀರಿನಲ್ಲಿ ಕುತ್ತಿಗೆವರೆಗೆ ಒಂದು ಗಂಟೆ ಕುಳಿತ ಯುವಕರ ರಕ್ತದಲ್ಲಿ ನಾರ್‌ಅಡ್ರಿನಲಿನ್ ಶೇ 530, ಡೋಪಮಿನ್ ಶೇ 250 ಏರಿದ್ದನ್ನು ಜೆಕ್ ಸಂಶೋಧಕರು 2000ದಲ್ಲಿ ವರದಿ ಮಾಡಿದರು. ಎಚ್ಚರ, ಗಮನ, ಹುರುಪುಗಳ ಜೊತೆ ನಂಟಿರುವ ರಾಸಾಯನಿಕಗಳಿವು. ಅಂತರಜಾಲದ ಆರೋಗ್ಯ ಗುರುಗಳು ಈ ಅಂಕಿಗಳನ್ನು ಮಂತ್ರದಂತೆ ಜಪಿಸುತ್ತಾರೆ. ಅಲ್ಲಿ ಕೂತವರು ಬೆರಳೆಣಿಕೆಯ ಮಂದಿ, ಕೂತದ್ದು ಒಂದು ಗಂಟೆ ಎಂಬುದನ್ನು ಹೇಳುವುದಿಲ್ಲ. ಖಿನ್ನತೆಗೆ ಮದ್ದೆಂಬ ಮಾತೂ ಹಾಗೆಯೇ. 2018ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ, ಬಹಳ ಚರ್ಚೆಯಾದ ವರದಿ ಒಬ್ಬಳೇ ಯುವತಿಯ ಕುರಿತಾದದ್ದು. ಆಕೆಗೆ ಒಳ್ಳೆಯದಾಯಿತು, ಸಂತೋಷ. ಆದರೆ ಕೊಳಕ್ಕೆ ಹೋಗುವವರಿಗೆ ತಣ್ಣೀರಿನ ಜೊತೆಗೆ ಬೆಳಗಿನ ಬೆಳಕು, ವ್ಯಾಯಾಮ, ನಾಲ್ಕು ಜನರ ಒಡನಾಟ, ಬಿಸಿ ಚಹಾ ಎಲ್ಲವೂ ಸಿಗುತ್ತವೆ. ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ. ಹೊಸ ಮಾತ್ರೆಯ ಪರೀಕ್ಷೆಯಲ್ಲಿ ಸಕ್ಕರೆಯ ಹುಸಿಮಾತ್ರೆ ಕೊಟ್ಟು ಹೋಲಿಸಬಹುದು. ಹುಸಿ ತಣ್ಣೀರು ಎಂಬುದು ಎಲ್ಲೂ ಇಲ್ಲ.

ಚಹಾಕ್ಕೆ ಮೊದಲು ಇನ್ನೊಂದು ಗಂಡಾಂತರವಿದೆ. ಕೊಳದಿಂದ ಮೇಲೆ ಬಂದಾಗ ಚೆನ್ನಾಗಿಯೇ ಇದ್ದವರು ಹತ್ತು ನಿಮಿಷದ ನಂತರ ಗಡಗಡ ನಡುಗತೊಡಗುತ್ತಾರೆ. ಬಿಸಿ ರಾಗಿಮುದ್ದೆಯನ್ನು ತಣ್ಣೀರಲ್ಲಿ ಅದ್ದಿ ತೆಗೆದಿಟ್ಟರೂ ಅದರ ನಡುಭಾಗ ತಣ್ಣಗಾಗುತ್ತಲೇ ಹೋಗುತ್ತದಲ್ಲ, ಹಾಗೆಯೇ ಇದೂ: ಹೊರಪದರ ತಣ್ಣಗಿರುವಷ್ಟು ಹೊತ್ತು ಒಳಗಿನ ಶಾಖ ಅತ್ತ ಹರಿಯುತ್ತಲೇ ಇರುತ್ತದೆ. ಅದಕ್ಕೇ ಒದ್ದೆ ಬಟ್ಟೆ ಕಳಚಿ, ಒರೆಸಿಕೊಂಡು, ಒಂದರ ಮೇಲೊಂದು ಬೆಚ್ಚನೆಯ ಬಟ್ಟೆ ಹಾಕಿಕೊಳ್ಳುವುದು ಮೊದಲ ಕೆಲಸ, ಬೆರಳುಗಳು ಗುಂಡಿ ಹಾಕಲು ಒಪ್ಪದಿದ್ದರೂ. ಸುಡುನೀರ ಶವರ್‌ನ ಆಸೆ ಸಹಜ. ಆದರೆ ಚರ್ಮದ ರಕ್ತನಾಳಗಳು ಒಮ್ಮೆಲೇ ಹಿಗ್ಗಿ ರಕ್ತದೊತ್ತಡ ಕುಸಿದರೆ ನಿಂತಲ್ಲೇ ಕಣ್ಣು ಕತ್ತಲೆ ಬರಬಹುದು. ನಡುಕ ನಿಲ್ಲುವ ಮುನ್ನ ಕಾರು ಓಡಿಸುವುದೂ ಬೇಡ.

ಇದೇ ನಡುಗುವ ಗುಂಪಿನತ್ತ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೊವಾನಾ ಮಲೂಚಿ ಆಸಕ್ತಿಯಿಂದ ನೋಡಿದರು. ಶೀತನಿದ್ರೆಗೆ ಜಾರುವ ಪ್ರಾಣಿಗಳ ಮಿದುಳಿನಲ್ಲಿ ನರಕೋಶಗಳ ನಡುವಿನ ಕೊಂಡಿಗಳು ಒಂದಷ್ಟು ಕಳಚಿ, ಎಚ್ಚರಗೊಂಡಾಗ ಮತ್ತೆ ಬೆಸೆದುಕೊಳ್ಳುತ್ತವೆ. ಇಲಿಗಳ ಮೈ ತಣ್ಣಗಾಗಿಸಿ ನೋಡಿದ ಅವರ ತಂಡ, ಈ ಮರುಬೆಸುಗೆಗೆ ಆರ್‌ಬಿಎಂ3 ಎಂಬ ಪ್ರೋಟೀನ್ ನೆರವಾಗುತ್ತದೆಂದು 2015ರಲ್ಲಿ ತೋರಿಸಿತು. ಆಲ್ಜೈಮರ್‌ನಂಥ ಕಾಯಿಲೆಗಳಲ್ಲಿ ಕಳಚುವುದೂ ಇವೇ ಕೊಂಡಿಗಳು. ಮನುಷ್ಯರಲ್ಲಿ ಪರೀಕ್ಷಿಸುವುದು ಹೇಗೆ? ಪ್ರಯೋಗಕ್ಕೆಂದು ಯಾರನ್ನೂ ಹೈಪೋಥರ್ಮಿಯಾಕ್ಕೆ ತಳ್ಳಲು ನೀತಿನಿಯಮ ಸುಲಭಕ್ಕೆ ಬಿಡುವುದಿಲ್ಲ. ಅವರು ಬಿಬಿಸಿ ರೇಡಿಯೊದಲ್ಲಿ ಈ ತೊಡಕನ್ನು ಹೇಳಿಕೊಂಡಾಗ ಕೇಳಿಸಿಕೊಂಡವರಲ್ಲಿ ಪಾರ್ಲಿಮೆಂಟ್ ಹಿಲ್ ಲಿಡೊದ ಈಜುಗಾರರೊಬ್ಬರಿದ್ದರು. ನಾವು ಹೇಗೂ ಆ ಸ್ಥಿತಿಗೆ ಹೋಗುತ್ತೇವೆ, ಬಂದು ರಕ್ತ ತೆಗೆದುಕೊಳ್ಳಿ ಎಂದು ಅವರೇ ಇ-ಮೇಲ್ ಮಾಡಿದರು. 2016ರಿಂದ ಮೂರು ಚಳಿಗಾಲ ಪರೀಕ್ಷೆ ನಡೆಯಿತು. ಹೋಲಿಕೆಗೆ, ಅದೇ ಕೊಳದ ಬದಿಯಲ್ಲಿ ಅದೇ ಚಳಿಯಲ್ಲಿ ತಾಯ್‌ ಚಿ ಅಭ್ಯಾಸ ಮಾಡುತ್ತಿದ್ದ, ನೀರಿಗೆ ಮಾತ್ರ ಇಳಿಯದ ಗುಂಪೊಂದು ಸಿಕ್ಕಿತು. ಈಜುಗಾರರಲ್ಲಿ ಹಲವರ ರಕ್ತದಲ್ಲಿ ಆರ್‌ಬಿಎಂ3 ಗಮನಾರ್ಹವಾಗಿ ಏರಿತ್ತು; ತಾಯ್‌ ಚಿ ಗುಂಪಿನವರಲ್ಲಿ ಏರಿರಲಿಲ್ಲ.

2020ರಲ್ಲಿ ಇದು ಸುದ್ದಿಯಾದಾಗ ತಣ್ಣೀರು ಮರೆವಿನ ರೋಗ ತಡೆಯುತ್ತದೆಂಬ ಶೀರ್ಷಿಕೆಗಳು ಓಡಾಡಿದವು. ಮಲೂಚಿ ಆಗ ಹೇಳಿದ್ದು ಉಪನ್ಯಾಸದಲ್ಲಿ, ಸಂಶೋಧನಾ ಪತ್ರಿಕೆಯಲ್ಲಲ್ಲ. ಅವರು ಹೇಳಿದ್ದರಲ್ಲಿ ಶೀರ್ಷಿಕೆಗಳಿಗೆ ಬೇಡವಾದ ಒಂದು ಅಂಕಿಯೂ ಇತ್ತು. ಪ್ರೋಟೀನ್ ಏರಿದ ಈಜುಗಾರರ ಒಡಲಿನ ಉಷ್ಣಾಂಶ 34 ಡಿಗ್ರಿಯವರೆಗೂ ಇಳಿದಿತ್ತು. 35ರ ಕೆಳಗೆ ವೈದ್ಯರು ಹೈಪೋಥರ್ಮಿಯಾ ಎಂದೇ ಬರೆಯುತ್ತಾರೆ. ಮರೆವಿನ ಕಾಯಿಲೆಯ ಭಯವಿರುವ ವಯಸ್ಸಾದವರನ್ನು ಆ ಮಟ್ಟಕ್ಕೆ ಇಳಿಸುವುದು ಕಾಯಿಲೆಗಿಂತ ಅಪಾಯದ ಚಿಕಿತ್ಸೆ. ಹಾಗಾಗಿ ಅವರ ತಂಡ ಹುಡುಕಹೊರಟದ್ದು ಮೈ ತಣ್ಣಗಾಗಿಸದೆಯೇ ಆ ಪ್ರೋಟೀನನ್ನು ಏರಿಸಬಲ್ಲ ಔಷಧವೊಂದನ್ನು.