ಒಡೆದ ಗೋಡೆಯ ಲೆಕ್ಕ

ಮನೆ ರಿಪೇರಿಯ ಎಸ್ಟಿಮೇಟ್‌ನಲ್ಲಿ ಸಿಮೆಂಟು, ಟೈಲ್ಸ್, ಕೂಲಿ ಎಲ್ಲ ಇರುತ್ತದೆ. ಒಡೆದ ಗೋಡೆಯನ್ನು ಸಾಗಿಸುವ ಖರ್ಚು ಮಾತ್ರ ಇರುವುದಿಲ್ಲ.

ಬಿ.ಇ. ಸಿವಿಲ್ ಓದುತ್ತಿರುವ ನಾನು ಬೆಂಗಳೂರಿನ ನಮ್ಮ ಮನೆಯ ಲೆಕ್ಕ ಹಾಕಿದೆ. 10 ಅಡಿ ಉದ್ದ, 10 ಅಡಿ ಎತ್ತರ, ನಾಲ್ಕೂವರೆ ಇಂಚು ದಪ್ಪದ ಒಂದೇ ಇಟ್ಟಿಗೆ ಗೋಡೆ ಸುಮಾರು 2 ಟನ್! ಚೀಲಕ್ಕೆ 40 ಕೆ.ಜಿ.ಯಂತೆ ತುಂಬಿದರೆ 50 ಚೀಲ. ಮಹಡಿಯಿಂದ ಇಳಿಸುವ ಕೂಲಿ ಬೇರೆ, ಟೆಂಪೊ ಬಾಡಿಗೆ ಬೇರೆ.

‘ರಾತ್ರಿ ಕೆರೆ ಪಕ್ಕ ಸುರಿದುಬಿಟ್ಟರೆ ಅರ್ಧ ದುಡ್ಡು ಸಾಕು ಸಾರ್’ ಎಂದರು ಟೆಂಪೊದವರು. ಅಪ್ಪ ಪೂರ್ತಿ ಬಾಡಿಗೆ ಕೊಟ್ಟು ಸಂಗ್ರಹ ಕೇಂದ್ರಕ್ಕೇ ಕಳಿಸಿದರು. ಕಟ್ಟಡ ತ್ಯಾಜ್ಯ ವಿಲೇವಾರಿಯ ಶುಲ್ಕ ಮನೆಯವರ ಹೊಣೆ ಎಂದು 2016ರಲ್ಲೇ ಕೇಂದ್ರದ ನಿಯಮ ಬಂದಿತ್ತು.

ಗೆಳೆಯರೇ, ನಾಳೆ ಎಸ್ಟಿಮೇಟ್ ಬರೆಯುವವರು ನಾವೇ. ಅದರಲ್ಲಿ ‘ತ್ಯಾಜ್ಯ ಸಾಗಣೆ’ಗೂ ಒಂದು ಸಾಲಿರಲಿ. ಇಲ್ಲದಿದ್ದರೆ ಆ ಖರ್ಚನ್ನು ಕೆರೆ ಭರಿಸಬೇಕಾಗುತ್ತದೆ.